ಹಾಲಿನ ಕ್ಯಾನಿನಲ್ಲಿ ಎಣ್ಣೆ ಸೀಸೆ

ಆಗ ನನ್ನ ತಲೆಗೂದಲು ಎಷ್ಟು ದಟ್ಟ ಅಂದ್ರೆ ಬಾಚಣಿಗೆ ಹಲ್ಲೇ ಮುರೀತಿತ್ತು. ಧನುರ್ಮಾಸದ ಚಳಿಗೆ ಮಾತ್ರ ಒಣಗಿ ಪೊರಕೆ ಆಗೋದು. ಕೊಬ್ಬರಿ ಎಣ್ಣೆ ಹಚ್ಚೋಣ ಅಂದ್ರೆ ಸೀಸೆಯೊಳಗೇ ಹೆಪ್ಪುಗಟ್ಟಿ ಕಲ್ಲು. ಅದಕ್ಕೆ ಒಂದು ಬೆಳಿಗ್ಗೆ, ಆಗ ತಾನೇ ಕರೆದ ಬಿಸಿ ಹಾಲಿನ ಕ್ಯಾನಿಗೆ ಸೀಸೆ ಇಳಿಬಿಟ್ಟು, ಹೆಬ್ಬಾಳದಿಂದ ಯಶವಂತಪುರಕ್ಕೆ ಹಾಲು ಹಾಕೋಕೆ ಸೈಕಲ್ ತುಳಿದೆ. ದಾರೀಲಿ ಬಿರಡೆ ಕಳಚಿದ್ದು ಗೊತ್ತಾಗ್ಲಿಲ್ಲ.

ಮೊದಲ ಮನೆ ಸಾವಿತ್ರಮ್ಮನೋರದು; ಅವರು ನನ್ನ ಹತ್ರ ಹಾಲು ತಗೊಳ್ಳೋದು ಬಿಟ್ರೆ ಬೀದಿಗೆ ಬೀದೀನೇ ಬಿಡ್ತದೆ. ಅವರು ಮೂಸಿ, "ಕೊಬ್ಬರಿ ವಾಸನೆ ಯಾಕಪ್ಪಾ?" ಅಂದ್ರು.

"ಹಸೂಗೆ ಕೊಬ್ಬರಿ ಹಿಂಡಿ ಹಾಕ್ತೀನಿ ಕಣ್ರವ್ವಾ."

ಅವರು ಸೌಟು ಹಾಕಿ ಸೀಸೆ ಎತ್ತಿದ್ರು. "ಸೀಸೇನೂ ನುಂಗಿತ್ತಾ?"

ಅವರು ಒಳಗೆ ಹೋಗಿ ತಮ್ಮ ಹೆಪ್ಪುಗಟ್ಟಿದ ಸೀಸೆ ತಂದ್ರು. "ನಾಳೆ ಇದನ್ನೂ ಕರಗಿಸ್ಕೊಂಡು ಬಾ. ಕ್ಯಾನಿನ ಹೊರಗಡೆ ಕಟ್ಟು."

ಆ ಚಳಿಗಾಲವೆಲ್ಲಾ ನನ್ನ ಕ್ಯಾನಿಗೆ ಹದಿನೆಂಟು ಸೀಸೆ ನೇತಾಡ್ತಿದ್ವು. ಯಶವಂತಪುರದ ಹೆಂಗಸರ ಜಡೆ ನೆಲ ಗುಡಿಸ್ತಿತ್ತು ಅಂದ್ರೆ, ಅದು ನನ್ನ ಹಸುವಿನ ಪುಣ್ಯ.