ಕಾಂಪೌಂಡರಮ್ಮನ ತೋಳು

ಪ್ರಾಣಿಗಳ ಆಸ್ಪತ್ರೆಯ ಔಷಧಿ ಕಿಟಕಿಯ ಹಿಂದೆ ಇಪ್ಪತ್ತೆರಡು ವರ್ಷ ಕೂತವಳನ್ನು ಎಲ್ಲರೂ ಕಾಂಪೌಂಡರಮ್ಮ ಎನ್ನುತ್ತಿದ್ದರು. ಬಾಯಿ ಜೋರು. ನಾಯಿಗೆ ಮಾತ್ರೆ ತಪ್ಪಿಸಿದವರಿಗೆ, "ಡಾಕ್ಟರ್ ಬರ್ದಿದ್ದು ಗೋಡೆಗೆ ಅಂಟ್ಸೋಕಲ್ಲ ಕಣ್ರೀ" ಎಂದು ಬೆವರಿಳಿಸದೆ ಬಿಡುತ್ತಿರಲಿಲ್ಲ.

ಅಂಥವಳ ನಾಯಿಗೇ ಕೂದಲು ಉದುರತೊಡಗಿತು. ಹನ್ನೊಂದು ವರ್ಷದ ಕಂದು ಗಂಡುನಾಯಿ, ಹೆಸರು ದೊರೆ. ಹೆಸರಿಗೆ ತಕ್ಕ ಗತ್ತು ಬೇರೆ; ಅವಳ ತೋಳನ್ನು ಬಿಟ್ಟು ಇನ್ನೆಲ್ಲೂ ತಲೆಯಿಟ್ಟು ಮಲಗುತ್ತಿರಲಿಲ್ಲ. ಮೊದಲು ಎರಡೂ ಪಕ್ಕೆ, ಆಮೇಲೆ ತೊಡೆ, ಕತ್ತು. ಕೆರೆತವಿಲ್ಲದೆ ಬೋಳಾಗುತ್ತಾ ಹೋಯಿತು.

"ಡಾಕ್ಟರ್‌ಗೆ ತೋರ್ಸೇ, ನಿಂಗೇನು ದೂರಾನಾ?" ಎಂದಳು ಮನೆಯಲ್ಲಿ ಜೊತೆಗಿದ್ದ ಅಕ್ಕ.

"ಇದು ಥೈರಾಯ್ಡ್ ಅಕ್ಕ. ಇಂಥವು ನೂರು ನೋಡಿದೀನಿ. ಇಷ್ಟಕ್ಕೆಲ್ಲ ಅವ್ರ ಮುಂದೆ ಹೋಗಿ ನಿಂತ್ರೆ ನನ್ನ ಮರ್ಯಾದೆ ಏನಾಗ್ಬೇಕು?"

ನಾಯಿ ಸತ್ತ ಮನೆಯವರು ಉಳಿದ ಮಾತ್ರೆಗಳನ್ನು ತಂದು ಕಿಟಕಿಯಲ್ಲಿಟ್ಟು ಹೋಗುವುದು ಆಸ್ಪತ್ರೆಯ ರೂಢಿ. ಅವೆಲ್ಲ ಅವಳ ಕೆಳಗಿನ ಡ್ರಾಯರಿನಲ್ಲಿ ಬಿದ್ದಿರುತ್ತಿದ್ದವು. ಅಲ್ಲಿಂದ ಥೈರಾಯ್ಡ್ ಮಾತ್ರೆ ತೆಗೆದು ಬೆಳಿಗ್ಗೆ ಒಂದು, ಸಂಜೆ ಒಂದು ಕೊಟ್ಟಳು. ಕಂಡವರ ನಾಯಿಗಾದರೆ ಮೊದಲು ರಕ್ತಪರೀಕ್ಷೆ ಎಂದು ಹಟ ಹಿಡಿಯುತ್ತಿದ್ದವಳು ತನ್ನದಕ್ಕೆ ಮಾಡಿಸಲಿಲ್ಲ. ತಿಂಗಳಾದರೂ ಕೂದಲು ಬರದಿದ್ದಾಗ ಎರಡೆರಡು ಮಾಡಿದಳು. ದೊರೆ ಏದುಸಿರು ಬಿಡತೊಡಗಿತು, ತಿಂದರೂ ಸೊರಗಿತು, ಒಂದು ಕಡೆ ಕೂರಲಾರದೆ ಮನೆಯೆಲ್ಲ ಸುತ್ತಿತು. "ನೋಡು, ಹೇಗೆ ಚುರುಕಾಗಿದಾನೆ!" ಎಂದು ಅಕ್ಕನ ಮುಂದೆ ಬೀಗಿದಳು.

ಒಂದು ಬೆಳಿಗ್ಗೆ ಅದು ಅಡುಗೆಮನೆಯ ಬಾಗಿಲಲ್ಲಿ ಕುಸಿದುಬಿತ್ತು. ಮರ್ಯಾದೆ ಎಲ್ಲಿ ಹೋಯಿತೋ, ಎತ್ತಿಕೊಂಡು ಆಸ್ಪತ್ರೆಗೆ ಓಡಿದಳು.

ಡಾಕ್ಟರು ಅದರ ಎದೆಬಡಿತವನ್ನು ಬಹಳ ಹೊತ್ತು ಕೇಳಿಸಿಕೊಂಡರು. ಹೊಟ್ಟೆ ತಿರುಗಿಸಿ ನೋಡಿದರು. ಗಂಡುನಾಯಿಗೆ ಮೊಲೆಗಳು ಊದಿಕೊಂಡಿದ್ದವು. ಅವಳು ಅದನ್ನು ಕೊಬ್ಬು ಎಂದುಕೊಂಡಿದ್ದಳು.

"ಮನೇಲಿ ಯಾರಾದ್ರೂ ಮೈಗೆ ಹೆಂಗಸರ ಹಾರ್ಮೋನ್ ಜೆಲ್ ಹಚ್ಕೋತಾರಾ?"

ಅವಳ ಕಿವಿ ಕೆಂಪಾಯಿತು. ಮುಟ್ಟು ನಿಂತ ಮೇಲೆ ಮೈಯೆಲ್ಲ ಉರಿದು, ನಿದ್ದೆಯಿಲ್ಲದೆ ಒದ್ದಾಡಿ, ನಾಚಿಕೆಯಿಂದ ಅಕ್ಕನಿಗೂ ಹೇಳದೆ ತಂದ ಜೆಲ್. ವರ್ಷದಿಂದ ದಿನಾ ತೋಳಿಗೆ ಹಚ್ಚಿಕೊಳ್ಳುತ್ತಿದ್ದಳು. ಅದೇ ತೋಳನ್ನು ದೊರೆ ನೆಕ್ಕುತ್ತಿತ್ತು. ತಲೆ ತಗ್ಗಿಸಿ ಎಲ್ಲ ಹೇಳಿದಳು, ಮಾತ್ರೆಯ ವಿಷಯವನ್ನೂ.

"ಕೂದಲು ಉದುರಿದ್ದು ಆ ಜೆಲ್ಲಿಂದ. ಅದು ತಾಗೋದು ನಿಂತ್ರೆ ತಾನಾಗೇ ಬರುತ್ತೆ, ಮಾತ್ರೇನೇ ಬೇಕಿರ್ಲಿಲ್ಲ," ಎಂದರು ಡಾಕ್ಟರು. "ವಯಸ್ಸಾದ ಹೃದಯ. ಈ ಮಾತ್ರೆ ಅದನ್ನ ಓಡ್ಸಿ ಓಡ್ಸಿ ಸುಸ್ತು ಮಾಡಿದೆ, ಇನ್ನು ಸರಿಹೋಗೋದು ಕಷ್ಟ. ಇಲ್ಲೇ ಇದ್ರಲ್ಲಮ್ಮಾ, ಒಂದು ಮಾತು ಕೇಳ್ಬಾರ್ದಿತ್ತಾ?"

ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಜೆಲ್ಲೂ ಥೈರಾಯ್ಡ್ ಮಾತ್ರೆಗಳೂ ಕಸದ ಬುಟ್ಟಿ ಸೇರಿದವು. ಮೈಯ ಉರಿ ಮರಳಿತು. ಇದು ನನಗೆ ಆಗಬೇಕಾದ್ದೇ ಎಂದು ಸಹಿಸಿಕೊಂಡಳು. ಡಾಕ್ಟರು ಕೊಟ್ಟ ಹೃದಯದ ಔಷಧಿಯನ್ನು ಗಡಿಯಾರ ನೋಡಿ ಕುಡಿಸಿದಳು. ಎಂಟನೇ ವಾರ ದೊರೆಯ ಪಕ್ಕೆಯ ಮೇಲೆ ಕೈಯಾಡಿಸುವಾಗ ಮೆತ್ತಗೆ ಏನೋ ತಾಗಿತು. ಹೊಸ ಕೂದಲು.

"ಅಕ್ಕಾ, ಬಾರೇ, ಬಂದಿದೆ!"

ಅಕ್ಕ ಬಂದವಳು ಕೂದಲು ನೋಡಲಿಲ್ಲ, ಉಸಿರು ನೋಡಿದಳು. ನೋಡಿ ಪಕ್ಕದಲ್ಲೇ ನೆಲದ ಮೇಲೆ ಕೂತಳು.

ದೊರೆ ಕಷ್ಟಪಟ್ಟು ಕತ್ತೆತ್ತಿ ಎಂದಿನಂತೆ ಅವಳ ತೋಳಿನ ಮೇಲೆ ತಲೆಯಿಟ್ಟಿತು. ಒಮ್ಮೆ ನೆಕ್ಕಿತು. ಆ ತೋಳಿನಲ್ಲಿ ಈಗ ಸೋಪಿನ ವಾಸನೆ ಬಿಟ್ಟು ಬೇರೇನೂ ಇರಲಿಲ್ಲ. ಉಸಿರು ನಿಂತು ತಲೆ ಭಾರವಾದ ಮೇಲೂ ಅವಳು ಕೈ ತೆಗೆಯಲಿಲ್ಲ.