ಕಬ್ಬಿನ ಗದ್ದೆಯ ಓರೆದಾರಿ

ನಾನು ಚಿಕ್ಕವನಿದ್ದಾಗ ಒಂದು ಸಲ ನಮ್ಮವ್ವ ಮೈಸೂರಿನ ಆಸ್ಪತ್ರೆಯಲ್ಲಿ ಬಹಳ ದಿನ ಮಲಗಿದ್ದಳು. ಅವ್ವನಿಲ್ಲದ ಮನೆಯಲ್ಲಿ ಒಲೆಯ ಹೊಗೆಗೂ ಬೇರೆ ವಾಸನೆ. ಅಜ್ಜಿ ತೊಳಸಿದ ಮುದ್ದೆ ನನ್ನ ಗಂಟಲಿಗಿಳಿಯುತ್ತಿರಲಿಲ್ಲ. ಅವ್ವನ ಹಳೇ ಸೀರೆ ಹೊದ್ದು ಮಲಗುತ್ತಿದ್ದೆ. ಅದರ ಇನ್ನೊಂದು ತುದಿಯನ್ನು ಅಕ್ಕ ಎಳೆದುಕೊಳ್ಳುತ್ತಿದ್ದಳು.

ಒಂದು ಬೆಳಿಗ್ಗೆ ಅಪ್ಪ ಅವ್ವನನ್ನು ನೋಡಲು ಹೊರಟ. ಅಜ್ಜಿಗೆ ಕಣ್ಣು ಮಂಜು, ಕೊಟ್ಟಿಗೆಯಲ್ಲಿ ಎಳೆಗರು. ಹಾಗಾಗಿ ಮನೆಯಲ್ಲಿ ಒಬ್ಬರು ಇರಲೇಬೇಕು, ಇನ್ನೊಬ್ಬರು ರೈಲು ಬರುವಷ್ಟರಲ್ಲಿ ಸ್ಟೇಷನ್ನಿಗೆ ಬನ್ನಿ, ಯಾರೆಂದು ನೀವೇ ಮಾತಾಡಿಕೊಳ್ಳಿ ಎಂದು ಹೇಳಿ, ಊರೊಳಗಿನ ಕೆಲಸ ಮುಗಿಸಲು ಮುಂದೆ ಹೋದ.

ನಾನೂ ಬಿಡಲಿಲ್ಲ, ಅಕ್ಕನೂ ಬಿಡಲಿಲ್ಲ. ಓಡೋಣ, ಮೊದಲು ಮುಟ್ಟಿದವರು ರೈಲು ಹತ್ತಲಿ ಎಂದು ಕೊನೆಗೆ ಅಕ್ಕನೇ ಹೇಳಿದಳು. ನಮ್ಮ ಮನೆ ದೊಡ್ಡದೊಂದು ಗದ್ದೆಯ ಒಂದು ಮೂಲೆಯಲ್ಲಿ, ಅಕ್ಕಿಹೆಬ್ಬಾಳು ಸ್ಟೇಷನ್ನು ಅದಕ್ಕೆ ಓರೆಯಾಗಿ ಎದುರಿನ ಮೂಲೆಯಲ್ಲಿ. ಆಗಷ್ಟೇ ಕಬ್ಬು ಕಡಿದಿದ್ದರು. ನೆಲದ ತುಂಬ ಚೂಪಾದ ಕೂಳೆ.

"ಕೂಳೆ ಕಾಲಿಗೆ ಚುಚ್ತವೆ. ನೀನು ಬದಿನ್ ಮ್ಯಾಲೆ ಓಡ್ಲಾ, ನಾನು ಗದ್ದೆ ಒಳಗೇ ಓಯ್ತೀನಿ. ಎರಡೂ ಒಂದೇ ದೂರ ಕಣ್ಲಾ," ಅಂದಳು.

ನನ್ನ ಕಾಲಿನ ಮೇಲೆ ಅಕ್ಕನಿಗೆ ಎಷ್ಟು ಅಕ್ಕರೆ ಎಂದು ಖುಷಿಯಾಯಿತು. ಬದುವಿನ ಗರಿಕೆಯ ಇಬ್ಬನಿಯಲ್ಲಿ ಕಾಲು ಜಾರುತ್ತಿತ್ತು. ದೂರದ ಆಲೆಮನೆಯಿಂದ ಬೆಲ್ಲದ ಘಮ ಬರುತ್ತಿತ್ತು. ಮೂಲೆಗೆ ಬಂದು ತಿರುಗಿದಾಗ ಅಕ್ಕನ ಕೆಂಪು ಲಂಗ ಆಗಲೇ ಬಹಳ ಮುಂದಿತ್ತು. ನಾನು ಸ್ಟೇಷನ್ನು ಮುಟ್ಟುವಷ್ಟರಲ್ಲಿ ಅವಳು ರೈಲಿನ ಕಿಟಕಿಯ ಪಕ್ಕ ಅಪ್ಪನ ಜೊತೆ ಕೂತಿದ್ದಳು. ರೈಲು ಹೊರಟಿತು. ಅವಳು ನನ್ನ ಕಡೆ ನೋಡಲಿಲ್ಲ. ನನ್ನ ಗಿಡ್ಡ ಕಾಲುಗಳನ್ನು ಬೈದುಕೊಳ್ಳುತ್ತ, ಅಳುತ್ತ ಮನೆಗೆ ಬಂದೆ.

ಅವ್ವ ಗುಣವಾಗಿ ಮನೆಗೆ ಬಂದಳು. ಆಮೇಲೊಂದು ಸಂಜೆ ಹೈಸ್ಕೂಲಿನ ಪಾಠವನ್ನು ಅಕ್ಕ ಅಂಗಳದಲ್ಲಿ ನನಗೆ ತೋರಿಸಿದಳು. ಸೀಮೆಸುಣ್ಣದಲ್ಲಿ ಮೂರು ಗೇಣಿನ ಗೆರೆ, ಅದರ ತುದಿಯಿಂದ ಗೋಡೆಯ ಮೂಲೆಯ ಹಾಗೆ ನೆಟ್ಟಗೆ ಬರುವಂತೆ ನಾಲ್ಕು ಗೇಣಿನ ಇನ್ನೊಂದು ಗೆರೆ. ಉಳಿದ ಎರಡು ತುದಿಗಳನ್ನು ಓರೆಯಾಗಿ ಸೇರಿಸಿದಳು. ಮೂರೂ ಗೆರೆಗಳ ಮೇಲೆ ಚೌಕ ಬರೆದು, ಒಳಗೆ ಗೇಣಗಲದ ಮನೆಗಳನ್ನು ಹಾಕಿದಳು. ನಾನು ಎಣಿಸಿದೆ. ಒಂದರಲ್ಲಿ ಒಂಬತ್ತು, ಇನ್ನೊಂದರಲ್ಲಿ ಹದಿನಾರು. ಎರಡೂ ಕೂಡಿದರೆ ಓರೆಗೆರೆಯ ಚೌಕದ ಇಪ್ಪತ್ತೈದು ಮನೆಗಳಿಗೆ ಸರಿಯಾಯಿತು! ಮೂಲೆ ಹೀಗೆ ನೆಟ್ಟಗಿದ್ದರೆ ಯಾವ ಅಳತೆಗೂ ಈ ಲೆಕ್ಕ ತಪ್ಪುವುದಿಲ್ಲ ಎಂದಳು.

ನಾನು ಗೆರೆಗಳ ಮೇಲೆ ಬೆರಳು ಓಡಿಸಿದೆ. ಸುತ್ತಿ ಹೋದರೆ ಮೂರೂ ನಾಲ್ಕೂ ಸೇರಿ ಏಳು ಗೇಣು. ಓರೆಯಲ್ಲಿ ಹೋದರೆ ಐದೇ. ಸೀಮೆಸುಣ್ಣದ ಗೆರೆಗಳಲ್ಲಿ ನನಗೆ ಆ ಗದ್ದೆ ಕಂಡಿತು.

"ಅವತ್ತೇ ಇದು ನಿಂಗೆ ಗೊತ್ತಿತ್ತಾ ಅಕ್ಕ?"

ಅವಳು ಸೀಮೆಸುಣ್ಣ ಕೆಳಗಿಟ್ಟಳು. "ಗೊತ್ತಿತ್ತು ಕಣ್ಲಾ. ನಂಗೂ ಅವ್ವನ್ನ ನೋಡ್ಬೇಕಿತ್ತು."

ಸೋತದ್ದಕ್ಕಿಂತ ಅವಳ ಮಾತು ನಂಬಿದ್ದೆನಲ್ಲ, ಅದು ಹೆಚ್ಚು ಉರಿಯಿತು. ಎದ್ದು ಹೋಗಿ ಅವ್ವನ ಪಕ್ಕ ಮಲಗಿದೆ. ಯಾಕೆ ಅಳುತ್ತೀಯ ಎಂದು ಅವ್ವ ಕೇಳಿದಾಗ ಅವಳ ಸೆರಗಿನೊಳಗೆ ಮುಖ ಹುದುಗಿಸಿದೆ. ಎಷ್ಟೋ ಕಾಲದವರೆಗೆ, ಹೊರಗೆ ಮಳೆ ಬರುತ್ತಿದೆ ಎಂದು ಅಕ್ಕ ಹೇಳಿದರೂ ನಾನು ಬಾಗಿಲಿಗೆ ಹೋಗಿ ನೋಡಿಕೊಂಡೇ ನಂಬುತ್ತಿದ್ದೆ.

ನನ್ನ ಕಥೆ ಕೇಳುತ್ತ ಕೂತ ಮಕ್ಕಳೇ, ಯಾವ ದಾರಿ ಹತ್ತಿರವೆಂದು ಈಗ ನಿಮ್ಮ ಫೋನೇ ಹೇಳುತ್ತದೆ. ಅಮ್ಮ ಊರಿಗೆ ಹೋದರೂ ಅದೇ ಫೋನಿನಲ್ಲಿ ಅವಳ ಮುಖ ಕಾಣುತ್ತದೆ. ನೀವಿಬ್ಬರೂ ತಲೆಗೆ ತಲೆ ತಾಗಿಸಿ ಒಟ್ಟಿಗೇ ನೋಡುತ್ತೀರಿ. ನಮಗೆ ಅಂದು ಇದ್ದದ್ದು ಒಂದೇ ರೈಲು, ಅದರಲ್ಲಿ ನಮ್ಮಿಬ್ಬರಲ್ಲಿ ಒಬ್ಬರಿಗೇ ಜಾಗ.