ಉಳಿದ ತೊಂಬತ್ತೊಂಬತ್ತು ಕುರಿ

ಬಿಸಿಲಿಗೆ ಹರವಿದ ಕಂಬಳಿಯ ವಾಸನೆ ಎಲ್ಲಿ ಮೂಗಿಗೆ ಬಡಿದರೂ ನಾನು ಎಂಟು ವರ್ಷದವಳಾಗಿಬಿಡುತ್ತೇನೆ. ಅರವತ್ತರ ದಶಕದ ನಮ್ಮ ಗಡಿಯೂರು ಯಳವಿ, ನಮ್ಮ ಮನೆಯ ಪಡಸಾಲೆ, ಹಾಸಿದ ಕರಿ ಕಂಬಳಿ. ಅದರ ಮೇಲೆ ಅಣ್ಣ, ನಾನು, ತೆವಳುವ ತಮ್ಮ, ತೊಡೆಯ ಮೇಲೆ ಸತ್ಯವೇದ ಇಟ್ಟುಕೊಂಡ ಅಪ್ಪ. ಅಪ್ಪ ದವಾಖಾನೆಯಲ್ಲಿ ಕಂಪೌಂಡರ್. ಸಂಜೆ ಸೈಕಲ್ ಒರಗಿಸಿ, ಕೈಕಾಲು ತೊಳೆದು ಓದಲು ಕೂತರೆ, ಔಷಧ ಅಳೆದು ಕೊಟ್ಟಂತೆ ಒಂದೊಂದೇ ವಚನ ಓದುತ್ತಿದ್ದರು. ಸಾಲೆಯಲ್ಲಿ ನಮಗೆ ಮರಾಠಿ. ಕನ್ನಡ ಅಕ್ಷರ ಕಲಿತದ್ದೆಲ್ಲ ಆ ಕಂಬಳಿಯ ಮೇಲೆ, ಅಪ್ಪನ ಬೆರಳಿನ ಹಿಂದೆ ಹಿಂದೆ. ಅವ್ವನಿಗೆ ಓದು ಬರುತ್ತಿರಲಿಲ್ಲ; ಒಲೆಯ ಮುಂದೆ ರೊಟ್ಟಿ ಬಡಿಯುತ್ತ ಕೇಳುತ್ತಿದ್ದಳು. ಅವಳು ಸಂಖ ಎಂಬ ಊರಿನ ಕಡೆ ಕುರಿ ಕಾಯುವವರ ಮನೆಯಲ್ಲಿ ಹುಟ್ಟಿ, ಮದುವೆಯ ಹೊತ್ತಿಗೆ ಕ್ರೈಸ್ತಳಾದವಳು.

ತಪ್ಪಿಸಿಕೊಂಡ ಒಂದು ಕುರಿಗಾಗಿ ಕುರುಬ ಉಳಿದ ತೊಂಬತ್ತೊಂಬತ್ತನ್ನು ಅಡವಿಯಲ್ಲಿ ಬಿಟ್ಟು ಹೋದ ಕಥೆ ಬಂದ ದಿನ ರೊಟ್ಟಿಯ ಸಪ್ಪಳ ನಿಂತಿತು. “ಉಳಿದ ಕುರಿ ಯಾರ ಕೈಯಾಗ ಕೊಟ್ಟ ಹೋದನ್ರಿ?” ಎಂದಳು ಅವ್ವ. “ಅದು ಸಾಮ್ಯ, ತಿಳುವಳಿಕಿಗೆ ಹೇಳಿದ ಕಥಿ. ಖರೇ ಕುರಿ ಅಲ್ಲ,” ಎಂದರು ಅಪ್ಪ. “ಸಾಮ್ಯ ಇದ್ರೇನಾತ್ರಿ, ತ್ವಾಳ ಬರೂದಿಲ್ಲೇನು?” ನಾವು ಮಕ್ಕಳು ಬಿದ್ದು ಬಿದ್ದು ನಕ್ಕೆವು. ಅಪ್ಪನ ಮುಖ ಸಪ್ಪಗಾಯಿತು. ಮರುದಿನವೂ ಅದೇ ಅಧ್ಯಾಯ, ಅದೇ ತಕರಾರು. ನಾನು ಅಪ್ಪನ ಪಕ್ಷ. ಬರೀ ಕುರಿಯ ವಿಷಯಕ್ಕೆ ದೇವರ ಪುಸ್ತಕ ಅವ್ವನ ಎದುರು ಸೋಲುವುದೆಂದರೇನು? ಹೇಗಾದರೂ ಅಪ್ಪನನ್ನು ಗೆಲ್ಲಿಸಲೇಬೇಕೆಂದು ಹಟ ಹುಟ್ಟಿತು.

ಅಷ್ಟರಲ್ಲಿ ಅವ್ವನ ಅಣ್ಣ ಬೀರಾ ಮಾಮಾ ನಮ್ಮೂರಿಗೆ ಹಿಂಡು ತಂದ. ಗೊಬ್ಬರವಾಗಲೆಂದು ಸಜ್ಜೆ ಕೊಯ್ದ ಹೊಲಗಳಲ್ಲಿ ಕುರಿ ನಿಲ್ಲಿಸಿಕೊಳ್ಳುವುದು ನಮ್ಮ ಕಡೆಯ ರೂಢಿ. ಮಧ್ಯಾಹ್ನ ನಮ್ಮ ಮನೆಗೆ ಊಟಕ್ಕೆ ಹೊರಟ ಮಾಮಾ, ಹಿಂಡಿನ ಹತ್ತಿರ ಆಡುತ್ತಿದ್ದ ನನ್ನ ಕೈಗೆ ಕೋಲು ಕೊಟ್ಟು, “ಇಲ್ಲೇ ಕುಂದ್ರವಾ, ಎಲ್ಲೂ ಹೋಗಬ್ಯಾಡ” ಎಂದ. ಸ್ವಲ್ಪ ಹೊತ್ತಿಗೆ ನೋಡಿದರೆ ಬಿಳಿ ಕಿವಿಯ ಒಂದು ಮರಿ ಇಲ್ಲ. ನನಗೆ ಹೆದರಿಕೆ ಆಗಬೇಕಿತ್ತು, ಆದದ್ದು ಹಿಗ್ಗು. ಹಿಂಡನ್ನೆಲ್ಲ ದೇವರಿಗೆ ಒಪ್ಪಿಸಿ ಹಳ್ಳದ ಗುಂಟ ಹುಡುಕುತ್ತ ಹೋದೆ. ಜಾಲಿಕಂಟಿಯಲ್ಲಿ ಸಿಕ್ಕಿಕೊಂಡು ಒದರುತ್ತಿದ್ದ ಮರಿಯನ್ನು ಬಿಡಿಸಿ, ಹೆಗಲ ಮೇಲೆ ಹೊತ್ತು ಹೊರಡುವಷ್ಟರಲ್ಲಿ ಹೊತ್ತು ವಾಲಿತ್ತು.

ಅತ್ತ ಹಿಂಡು ಪಾಟೀಲರ ಜೋಳಕ್ಕೆ ಇಳಿದಿತ್ತು. ಮಾಮಾ, ಅಪ್ಪ, ಅರ್ಧ ಊರು ಬಾಯಿ ಮಾಡುತ್ತ ಕುರಿ ಹೊರಗೆ ಹಾಕುತ್ತಿತ್ತು. ಅವ್ವ ಮಾತ್ರ ಅಲ್ಲಿರಲಿಲ್ಲ. ಕುರಿ ಎಂದರೆ ಜೀವ ಬಿಡುವವಳು ಆ ಕಡೆ ಕಣ್ಣೂ ಹಾಯಿಸದೆ, ತಮ್ಮನನ್ನು ನೆರೆಮನೆಯವರ ಮಡಿಲಿಗೆ ಹಾಕಿ, ನನ್ನ ಹೆಸರು ಕೂಗುತ್ತ ಹಳ್ಳಕ್ಕೆ ಓಡಿಬಂದಿದ್ದಳು. ನಾನು ಕಂಡ ಕೂಡಲೇ ಒಂದು ಬಾರಿಸಿದಳು. ಆಮೇಲೆ ಮರಿಯ ಸಮೇತ ನನ್ನನ್ನು ತಬ್ಬಿಕೊಂಡು ಅತ್ತಳು. ಅಂಗಾಲಲ್ಲಿ ಮುಳ್ಳು ಮುರಿದದ್ದು ಮನೆಗೆ ಬರುವತನಕ ಅವಳಿಗೆ ಗೊತ್ತಾಗಲಿಲ್ಲ. ಪಾಟೀಲರೂ ತಮ್ಮ ಇನ್ನೊಂದು ಹೊಲದಲ್ಲಿ ಎರಡು ದಿನ ಪುಕ್ಕಟೆ ಹಿಂಡು ನಿಲ್ಲಿಸಿಕೊಂಡ ಮೇಲೆ ತಣ್ಣಗಾದರು.

ಮರಿ ಸಿಕ್ಕ ದಿನದ ಸಂಜೆ ಅಪ್ಪ ಜಾಣತನದಿಂದ ಬೇರೆ ಅಧ್ಯಾಯ ತೆರೆದರು. ಅವ್ವ ಬಿಡಲಿಲ್ಲ. “ಆ ಕುರೀದ ಓದ್ರಿ.” ಓದಿ ಮುಗಿಸಿ ಅಪ್ಪ ಮೆಲ್ಲಗೆ ಕೇಳಿದರು: “ಈಗರೆ ತಿಳೀತೇನು, ಅವ ಯಾಕ ಬಿಟ್ಟ ಹೋದ ಅಂತ?”

“ತಿಳೀತ್ರಿ. ಜೀವ ತಡೀಲಿಲ್ಲ, ಹೋದ,” ಎಂದಳು ಅವ್ವ. ರೊಟ್ಟಿ ಮಗುಚಿ ಹಾಕಿ ಮತ್ತೆ ಹೇಳಿದಳು: “ಆದ್ರೂ ಒಂದ ನಾಯಿನರೆ ಬಿಟ್ಟ ಹೋಗಬೇಕಿತ್ತು.” ಅಪ್ಪ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು.

ಈಗ ಇಬ್ಬರೂ ಇಲ್ಲ. ಆ ಮನೆಯೂ ಇಲ್ಲ. ನನ್ನ ಮೊಮ್ಮಕ್ಕಳಿಗೆ ಅದೇ ಅಧ್ಯಾಯ ನಾನು ಓದಿ ಹೇಳುತ್ತೇನೆ. ಒಳ್ಳೆಯ ಮಕ್ಕಳು, ಕೈಕಟ್ಟಿ ಕೇಳುತ್ತಾರೆ, ಆಮೆನ್ ಎಂದು ಎದ್ದು ಹೋಗುತ್ತಾರೆ. ನಾನು ಮಾತ್ರ ಪುಸ್ತಕ ಮುಚ್ಚದೆ ಇನ್ನೂ ಸ್ವಲ್ಪ ಹೊತ್ತು ಕೂತಿರುತ್ತೇನೆ, ಅಡುಗೆಮನೆಯಿಂದ ಯಾರಾದರೂ ಏನಾದರೂ ಕೇಳಿಯಾರೇನೋ ಎಂದು.